ಉದ್ಯಮಿ, ಬಿಸಿನೆಸ್ ಸಲಹೆಗಾರ ಎಂದರೆ ನೀವು ನಿಜವಾಗಿ ಮಾಡುವ ಕೆಲಸ ಏನು?

ಪರಿಚಯದಲ್ಲಿ ‘ಉದ್ಯಮಿ, ಬಿಸಿನೆಸ್ ಸಲಹೆಗಾರ’ ಅಂತ ಹಾಕಿಕೊಂಡಿದ್ದೀರಲ್ಲ, ದಿನವಿಡೀ ಏನು ಮಾಡುತ್ತೀರಿ, ಯಾಕೆ ಈ ದಾರಿ ಹಿಡಿದಿರಿ, ಕೆಲಸ ಬಿಟ್ಟರೆ ಏನು ಇಷ್ಟ ಎಂದು ಕೇಳಿದ್ದೀರಿ. ನೇರವಾಗಿ ಹೇಳುವುದಾದರೆ, ಸಣ್ಣ ಕಾರ್ಖಾನೆಗಳಿಗೆ ಬರಬೇಕಾದ ಬಾಕಿ ವೇಳೆಗೆ ಸರಿಯಾಗಿ ಬರುವಂತೆ ನೋಡಿಕೊಳ್ಳುವುದೇ ನನ್ನ ಕೆಲಸದ ಮುಕ್ಕಾಲು ಪಾಲು.

ನಾನು ಬೆಳಗಾವಿಯವನು. ಇಲ್ಲಿನ ಉದ್ಯಮಬಾಗದಲ್ಲಿ ಫೌಂಡ್ರಿ, ಮಷಿನ್ ಶಾಪ್, ಹೈಡ್ರಾಲಿಕ್ ಬಿಡಿಭಾಗ ಮಾಡುವವರು ಒತ್ತೊತ್ತಾಗಿ ಇದ್ದಾರೆ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಮೊದಲು ಒಂದು ದೊಡ್ಡ ಕಂಪನಿಯ ಪರ್ಚೇಸ್ ವಿಭಾಗದಲ್ಲಿದ್ದೆ. ಆಮೇಲೆ ಸೆಕೆಂಡ್ ಹ್ಯಾಂಡ್ ಲೇತ್ ತಗೊಂಡು ಬಾಡಿಗೆ ಶೆಡ್ಡಿನಲ್ಲಿ ಜಾಬ್ ವರ್ಕ್, ಅಂದರೆ ಬೇರೆ ಕಂಪನಿಗಳ ಬಿಡಿಭಾಗ ಮಾಡಿಕೊಡುವ ಕೆಲಸ, ಶುರು ಮಾಡಿದೆ. ಈಗ ಶಾಪನ್ನು ತಮ್ಮ ನೋಡಿಕೊಳ್ಳುತ್ತಾನೆ. ಅಕ್ಕಪಕ್ಕದ ಶೆಡ್ಡಿನವರು ಲೆಕ್ಕ ತೋರಿಸಲು ಬರುತ್ತ ಬರುತ್ತ ಸಲಹೆಯೇ ವೃತ್ತಿಯಾಯಿತು.

ಕೆಲಸ ಗೊತ್ತಿಲ್ಲದೆ ಮುಚ್ಚಿದ ಶಾಪ್‌ಗಳನ್ನು ನಾನು ಹೆಚ್ಚು ಕಂಡಿಲ್ಲ. ಕೈತುಂಬ ಆರ್ಡರ್ ಇದ್ದು, ಪುಸ್ತಕದಲ್ಲಿ ಲಾಭವೂ ಇದ್ದು, ಶನಿವಾರದ ಪಗಾರಕ್ಕೆ ದುಡ್ಡಿಲ್ಲದೆ ಬಾಗಿಲು ಹಾಕಿದವರನ್ನು ಕಂಡಿದ್ದೇನೆ. ಲೆಕ್ಕ ಹೀಗಿದೆ. ಒಂದು ಲಕ್ಷದ ಕೆಲಸದಲ್ಲಿ 8,000 ಉಳಿಯುತ್ತದೆ ಅಂದುಕೊಳ್ಳಿ. ಮಾಲು ತಗೊಂಡ ಪಾರ್ಟಿ ನಾಲ್ಕು ತಿಂಗಳು ಬಿಟ್ಟು ದುಡ್ಡು ಕೊಟ್ಟರೆ, ಅಲ್ಲಿಯವರೆಗೆ ಕೆಲಸ ನಡೆಸಲು ಬಳಸುವ ಬ್ಯಾಂಕಿನ ಸಿಸಿ (ಕ್ಯಾಶ್ ಕ್ರೆಡಿಟ್) ಸಾಲದ ಖಾತೆಗೆ ವರ್ಷಕ್ಕೆ ಶೇ. 12ರ ಬಡ್ಡಿ ಹಿಡಿದರೂ 4,000 ಅಲ್ಲೇ ಹೋಯಿತು. ಅರ್ಧ ಲಾಭ ಬ್ಯಾಂಕಿಗೆ. ಇಷ್ಟಾದರೂ ತಿಂಗಳ ರಿಟರ್ನ್ ಸಲ್ಲಿಸುವವರು ಆ ಬಿಲ್ಲಿನ ಜಿಎಸ್‌ಟಿಯನ್ನು ಮುಂದಿನ ತಿಂಗಳ 20ರೊಳಗೆ ಕಟ್ಟಲೇಬೇಕು, ಪಾರ್ಟಿಯ ದುಡ್ಡು ಬಂದಿರಲಿ ಬಿಡಲಿ.

ಪರ್ಚೇಸ್ ಟೇಬಲ್ಲಿನ ಆ ಕಡೆ ಕೂತಿದ್ದಕ್ಕೆ ನನಗೊಂದು ವಿಷಯ ಗೊತ್ತು. ಬಿಲ್ ತಡವಾಗುವುದು ಯಾವಾಗಲೂ ದುರುದ್ದೇಶದಿಂದಲ್ಲ. ಮಾಲು ಗೇಟಿನಲ್ಲಿ ಎಂಟ್ರಿ ಆಗುತ್ತದೆ, ಸ್ಟೋರ್ಸಿಗೆ ಹೋಗುತ್ತದೆ, ಇನ್‌ಸ್ಪೆಕ್ಷನ್ ಆಗುತ್ತದೆ, ಆಮೇಲೆ ಕಾಗದ ಅಕೌಂಟ್ಸಿಗೆ ಏರುತ್ತದೆ. ಬಿಲ್ಲಿನ ರೇಟಿಗೂ ಪರ್ಚೇಸ್ ಆರ್ಡರಿನ ರೇಟಿಗೂ ಐವತ್ತು ಪೈಸೆ ವ್ಯತ್ಯಾಸವಿದ್ದರೆ ಅದು ಅಲ್ಲೇ ಕೂತಿತು. ಯಾರೂ ಫೋನ್ ಮಾಡಿ ತಿಳಿಸುವುದಿಲ್ಲ. ಶಾಪಿನವರು ಎರಡು ತಿಂಗಳಾದ ಮೇಲೆ ಕೇಳಿದರೆ ‘ಮುಂದಿನ ವಾರ ನೋಡೂಣ್ರೀ ಸಾವ್ಕಾರ್ರ’ ಅನ್ನುವ ಉತ್ತರ ಬರುತ್ತದೆ. ಅದಕ್ಕೇ ನನ್ನ ಹತ್ತಿರ ಬಂದವರಿಗೆ ಮೊದಲು ಒಂದು ರಿಜಿಸ್ಟರ್ ಹಾಕಿಸುತ್ತೇನೆ: ಮಾಲಿನ ಜೊತೆ ಕಳಿಸುವ ಚಲನ್ ನಂಬರ್, ಮಾಲು ಮುಟ್ಟಿದ ತಾರೀಖು, ಬಿಲ್ ಅಕೌಂಟ್ಸಿಗೆ ಹೋದ ತಾರೀಖು, ದುಡ್ಡು ಬರಬೇಕಾದ ತಾರೀಖು, ಬಂದ ತಾರೀಖು. ಮೂರನೆಯ ಕಾಲಂ ಖಾಲಿ ಇದ್ದರೆ ಅವತ್ತೇ ಹೋಗಿ ವಿಚಾರಿಸಬೇಕು. ಬಹಳಷ್ಟು ಬಾಕಿ ಇಷ್ಟರಲ್ಲೇ ಸಡಿಲಾಗುತ್ತದೆ.

ಸಡಿಲಾಗದ್ದಕ್ಕೆ ಕಾನೂನಿದೆ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ ಕೇಂದ್ರ ಸರ್ಕಾರದ ‘ಉದ್ಯಮ್’ ನೋಂದಣಿ ಇರುವ ಸೂಕ್ಷ್ಮ ಮತ್ತು ಸಣ್ಣ ಘಟಕಕ್ಕೆ ಖರೀದಿದಾರರು ಒಪ್ಪಂದದ ಅವಧಿಯೊಳಗೆ ಹಣ ಕೊಡಬೇಕು, ಒಪ್ಪಂದ ಏನೇ ಇರಲಿ 45 ದಿನ ಮೀರುವಂತಿಲ್ಲ. ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಮಾಲು ಮುಟ್ಟಿದ 15 ದಿನದಲ್ಲಿ ಬರಹದಲ್ಲಿ ತಕರಾರು ಬರದಿದ್ದರೆ ಮಾಲು ಒಪ್ಪಿಕೊಂಡಂತೆಯೇ ಲೆಕ್ಕ. ಹಾಗಾಗಿ ಚಲನ್ ಮೇಲೆ ಸೀಲು, ಸಹಿ, ತಾರೀಖು ಇಲ್ಲದೆ ಟೆಂಪೋ ವಾಪಸ್ ಬರಕೂಡದು ಅಂತ ನಾನು ಹಟ ಹಿಡಿಯುತ್ತೇನೆ. 2024ರ ಏಪ್ರಿಲ್ 1ರಿಂದ 1961ರ ಆದಾಯ ತೆರಿಗೆ ಕಾಯ್ದೆಗೆ 43ಬಿ(ಎಚ್) ನಿಯಮವೂ ಬಂತು: ಗಡುವಿನೊಳಗೆ ಕೊಡದ ಹಣವನ್ನು ಖರೀದಿದಾರರು ತಮ್ಮ ತೆರಿಗೆ ಲೆಕ್ಕದಲ್ಲಿ ಕೊಟ್ಟ ವರ್ಷದಲ್ಲಷ್ಟೇ ಖರ್ಚಿಗೆ ಹಾಕಬಹುದು. ಈ ರಕ್ಷಣೆಯೆಲ್ಲ ತಯಾರಕರಿಗೆ, ಸೇವೆ ಕೊಡುವವರಿಗೆ ಮಾತ್ರ. ಬರೀ ಕೊಂಡು ಮಾರುವ ವ್ಯಾಪಾರಿಗಳಿಗೆ ಅನ್ವಯಿಸುವುದಿಲ್ಲ. ಅವರು ನೋಂದಣಿ ಪತ್ರ ಹಿಡಿದು ಬಂದು ಬೇಜಾರಾಗಿ ಹೋಗುವುದನ್ನು ನೋಡಿದಾಗ ನನಗೂ ಸಂಕಟವಾಗುತ್ತದೆ.

ತಡವಾದ ಬಾಕಿಯ ಬಗ್ಗೆ ಸರ್ಕಾರದ ಪೋರ್ಟಲ್ಲಿನಲ್ಲಿ ದೂರು ಕೊಡಬಹುದು, ಆದರೆ ಇರುವುದು ಒಂದೇ ದೊಡ್ಡ ಪಾರ್ಟಿ ಆದರೆ ದೂರು ಕೊಡುವ ಧೈರ್ಯ ಯಾರಿಗಿದೆ? ‘ಕಂಪ್ಲೇಂಟ್ ಕೊಟ್ರ ನಾಳಿಗಿ ಆರ್ಡರ್ ಬರಂಗಿಲ್ರೀ’ ಅನ್ನುವ ಮಾತು ಸುಳ್ಳಲ್ಲ. ಆದ್ದರಿಂದ ಒಬ್ಬ ಗಿರಾಕಿಯ ಮೇಲೆ ಅರ್ಧಕ್ಕಿಂತ ಹೆಚ್ಚು ವಹಿವಾಟು ನಿಂತಿದ್ದರೆ ಮೊದಲು ಎರಡನೆಯವರನ್ನು ಹುಡುಕಲು ಕೂಡುತ್ತೇವೆ. ಅದು ನಿಧಾನದ ಕೆಲಸ, ನನ್ನ ಮಟ್ಟಿಗೆ ಅತ್ಯಂತ ಮುಖ್ಯವಾದ ಕೆಲಸವೂ ಅದೇ.

ಸಾಲ ಕೊಡಿಸಿ ಕಮಿಷನ್ ತಗೊಳ್ಳುವ ಕೆಲಸ ನಾನು ಮಾಡುವುದಿಲ್ಲ. ಸಾಲ ಹೆಚ್ಚಾದಷ್ಟೂ ಸಲಹೆಗಾರನ ಜೇಬು ತುಂಬುವುದಾದರೆ ‘ಈಗ ಸಾಲ ಬೇಡ, ಬಾಕಿ ವಸೂಲಿ ಮಾಡಿ’ ಎಂದು ಅವನ ಬಾಯಿಂದ ಹೇಗೆ ಬರಬೇಕು? ಲೆಕ್ಕ ನೋಡಿದ್ದಕ್ಕೆ ಫೀ ತಗೊಳ್ಳುತ್ತೇನೆ, ಅಷ್ಟೇ.

ಯಾಕೆ ಈ ಕೆಲಸ ಅಂದಿರಿ. ಒಂದು ಸಣ್ಣ ಶಾಪ್ ಅಂದರೆ ಐದಾರು ಮನೆ. ಟರ್ನರ್, ಹೆಲ್ಪರ್, ಬಿಲ್ ಬರೆಯುವ ಹುಡುಗಿ. ಅವರ ಕೈಯಲ್ಲಿ ಕಸುಬಿದ್ದೂ ಯಾರದೋ ಟೇಬಲ್ಲಿನ ಮೇಲೆ ಒಂದು ಕಾಗದ ಕೂತಿತೆಂದು ಪಗಾರ ನಿಲ್ಲುವುದು ನನಗೆ ಸಹಿಸಲಾಗದ ಸಂಗತಿ. ಇದಕ್ಕಿಂತ ದೊಡ್ಡ ಉದ್ದೇಶ ನನಗಿಲ್ಲ.

ಇನ್ನು ಹವ್ಯಾಸ. ಭಾನುವಾರ ಬೆಳಿಗ್ಗೆ ಯಳ್ಳೂರಿನ ರಾಜಹಂಸಗಡ ಕೋಟೆ ಹತ್ತುತ್ತೇನೆ. ಮಳೆಗಾಲದಲ್ಲಿ ಅಲ್ಲಿನ ಮಂಜು, ಗಾಳಿ ನೋಡಲು ಒಮ್ಮೆ ಬನ್ನಿ. ಸಂಜೆ ಹಿಂದುಸ್ತಾನಿ ಸಂಗೀತ, ಅದರಲ್ಲೂ ಕುಮಾರ ಗಂಧರ್ವರು. ನಮ್ಮದೇ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದವರು. ಕ್ಷಯರೋಗದಿಂದ ಒಂದು ಶ್ವಾಸಕೋಶ ಕೆಟ್ಟು ಮಧ್ಯಪ್ರದೇಶದ ದೇವಾಸದಲ್ಲಿ ವರ್ಷಗಟ್ಟಲೆ ಹಾಸಿಗೆ ಹಿಡಿದರು, ಆಮೇಲೆ ಎದ್ದು ಹಾಡಿದ ನಿರ್ಗುಣ ಭಜನೆಗಳನ್ನು ಕೇಳದೆ ನನ್ನ ವಾರ ಮುಗಿಯುವುದಿಲ್ಲ.

ಇತ್ತೀಚೆಗೆ ಐಟಿಐ ಹುಡುಗರಿಗೆ ಕೊಟೇಶನ್ ಹಾಕುವುದನ್ನು ಕಲಿಸುತ್ತಿದ್ದೇನೆ: ಮಷಿನ್ ಒಂದು ಗಂಟೆ ಓಡಿದರೆ ಕರೆಂಟು, ಟೂಲ್, ಬಾಡಿಗೆ, ಪಗಾರ ಸೇರಿ ಎಷ್ಟು ಖರ್ಚು, ಅದರ ಮೇಲೆ ರೇಟ್ ಎಷ್ಟು ಹೇಳಬೇಕು ಅಂತ. ನಿಮ್ಮದೂ ಶಾಪ್ ಇದ್ದರೆ ಕಳೆದ ಆರು ತಿಂಗಳ ಬಾಕಿ ಪಟ್ಟಿಯನ್ನು, ಪಾರ್ಟಿಗಳ ಹೆಸರು ತೆಗೆದು, ಪ್ರತಿಕ್ರಿಯೆಯಲ್ಲಿ ಹಾಕಿ. ಯಾವ ಬಿಲ್ ಎಲ್ಲಿ ಸಿಕ್ಕಿಬಿದ್ದಿರಬಹುದು ಎಂದು ಸೇರಿ ನೋಡೋಣ.