ಇಡ್ಲಿ ಮಲ್ಲಿಗೆಯಂತಿತ್ತು ಅಂದರೆ ನಾನೇನು ತಿಳಿಯಲಿ?

ನೀವು ನಮ್ಮ ಪತ್ರಿಕೆಗೆ ಕಳಿಸಿದ ಲೇಖನ ತಲುಪಿತು. ಭಾನುವಾರ ಬೆಳಿಗ್ಗೆ ಅತ್ತೆ, ಮಾವ, ಯಜಮಾನರು, ಇಬ್ಬರು ಮಕ್ಕಳ ಜೊತೆ ಮೈಸೂರಿನ ಮ್ಯೂಸಿಯಂ ಒಂದರ ಹೋಟೆಲಿಗೆ ತಿಂಡಿಗೆ ಹೋದ ಪ್ರಸಂಗ. ಕಾಗುಣಿತದ ತಪ್ಪಿಲ್ಲ, ಬರವಣಿಗೆಗೆ ಓಟವಿದೆ. ಸಂತೋಷ. ಸಿಟ್ಟು ಯಾಕೆ ಬಂತು ಅಂತ ಈಗ ಹೇಳುತ್ತೇನೆ.

ಮೊದಲ ಸಾಲು: ‘ನಗರದ ಸುಪ್ರಸಿದ್ಧ ವಸ್ತುಸಂಗ್ರಹಾಲಯವೊಂದರ ಉಪಾಹಾರ ಗೃಹಕ್ಕೆ ನಾವೆಲ್ಲ ತೆರಳಿದೆವು.’ ಯಾವುದಮ್ಮಾ ಅದು? ಸ್ಟೇಷನ್ ಪಕ್ಕದಲ್ಲಿ 1979ರಲ್ಲಿ ಶುರುವಾದ ರೈಲ್ವೆ ಮ್ಯೂಸಿಯಮ್ಮಾ? ಹಾಗಿದ್ದರೆ ಮಕ್ಕಳು ತಟ್ಟೆ ಮುಂದೆ ಅಷ್ಟು ಸುಮ್ಮನೆ ಕೂತಿರುವುದುಂಟೇ, ಪುಟಾಣಿ ರೈಲು ಹತ್ತಬೇಕು ಅಂತ ರಚ್ಚೆ ಹಿಡಿದಿರುತ್ತಾರೆ. ಕಾರಂಜಿ ಕೆರೆ ದಂಡೆಯ ನಿಸರ್ಗ ಸಂಗ್ರಹಾಲಯವಾ? ಜಯಲಕ್ಷ್ಮಿ ವಿಲಾಸದ ಜಾನಪದ ವಸ್ತುಸಂಗ್ರಹಾಲಯವಾ? ಚಿತ್ರಗಳಿರುವ ಜಗನ್ಮೋಹನ ಅರಮನೆಯಾ? ಮೈಸೂರಿನಲ್ಲಿ ಕೂತು ‘ವಸ್ತುಸಂಗ್ರಹಾಲಯವೊಂದು’ ಅಂದರೆ ಓದುವವರು ಯಾವ ಕಡೆಗೆ ಆಟೋ ಹಿಡಿಯಬೇಕು? ‘ಕಿಟಕಿಯಾಚೆ ಮನಮೋಹಕ ಪರಿಸರ’ ಅಂತ ಬರೆದು ಮುಂದೆ ಹೋಗಿದ್ದೀರಿ. ಕಿಟಕಿಯಾಚೆ ಇಂಜಿನ್ ಇತ್ತೋ, ಕೆರೆ ಇತ್ತೋ?

ಎರಡನೇ ಪ್ಯಾರಾದಲ್ಲಿ ತಿಂಡಿ ಬರುತ್ತದೆ. ‘ಮಲ್ಲಿಗೆಯಂಥ ಇಡ್ಲಿ, ಗರಿಗರಿಯಾದ ದೋಸೆ, ಘಮಘಮಿಸುವ ಕಾಫಿ ನಮ್ಮ ಬಾಯಲ್ಲಿ ನೀರೂರಿಸಿದವು.’ ಈ ಸಾಲು ಬರೆಯಲು ನೀವು ಹೋಟೆಲಿಗೆ ಹೋಗಲೇಬೇಕಿರಲಿಲ್ಲ. ದೋಸೆಯ ಒಳಗೆ ಕೆಂಪು ಚಟ್ನಿ ಸವರಿದ್ದರೋ ಇಲ್ಲವೋ? ಸಾಂಬಾರು ಬೇರೆ ಬಟ್ಟಲಲ್ಲಿ ಬಂತೋ, ಇಡ್ಲಿಯ ಮೇಲೇ ಸುರಿದಿದ್ದರೋ? ಅತ್ತೆ ಏನಂದರು? ಹೊರಗೆ ತಿಂಡಿಗೆ ಕೂತ ಮೈಸೂರಿನ ಅತ್ತೆ ಚಟ್ನಿಯ ಬಗ್ಗೆ ಒಂದು ಮಾತೂ ಆಡಲಿಲ್ಲ ಅಂದರೆ ನಾನು ನಂಬುವುದಿಲ್ಲ.

ನಾನು ಕೆಲಸ ಕಲಿತದ್ದು ಮಂಡ್ಯದ ಒಂದು ಸಣ್ಣ ಪ್ರೆಸ್ಸಿನಲ್ಲಿ. ವಾರಪತ್ರಿಕೆಯೂ ಅಲ್ಲೇ, ಲಗ್ನಪತ್ರಿಕೆಯೂ ಅಲ್ಲೇ. ಸೀಸದ ಅಚ್ಚುಮೊಳೆಗಳನ್ನು ಕೈಯಲ್ಲೇ ಒಂದೊಂದಾಗಿ ಜೋಡಿಸುತ್ತಿದ್ದ ಕಾಲ. ‘ತಾವು ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ’ ಅನ್ನುವ ಸಾಲನ್ನು ನಮ್ಮ ಕಂಪೋಸಿಟರು ಪ್ರತಿ ಮದುವೆಗೂ ಜೋಡಿಸುತ್ತಿರಲಿಲ್ಲ. ಒಮ್ಮೆ ಜೋಡಿಸಿದ್ದಕ್ಕೇ ದಾರ ಸುತ್ತಿ ಮುಂದಿನ ಮದುವೆಗೆ ಎತ್ತಿಟ್ಟಿರುತ್ತಿದ್ದರು. ಹುಡುಗ, ಹುಡುಗಿ, ಛತ್ರ, ಮುಹೂರ್ತ ಇಷ್ಟು ಮಾತ್ರ ಹೊಸದು. ಪತ್ರಿಕೆಗೆ ಬಂದ ವರದಿಯಲ್ಲಿ ‘ಅಪಾರ ಜನಸ್ತೋಮ’ ಕಂಡರೆ ಸಾಕು, ಕೂತಲ್ಲಿಂದಲೇ ಸಂಪಾದಕರಿಗೆ ಕೇಳುವಂತೆ ಕೂಗೋರು: ‘ಸ್ವಾಮಿ, ಇದಕ್ಕೂ ದಾರ ಕಟ್ಟಿ ಇಟ್ಕೊಳ್ಳಲಾ?’ ಸಂಪಾದಕರು ನನ್ನ ಕೈಗೆ ಸೈಕಲ್ ಕೊಟ್ಟು ಅಟ್ಟುತ್ತಿದ್ದರು. ‘ಹೋಗು, ಶಾಮಿಯಾನದವನನ್ನ ಹಿಡಿ. ಎಷ್ಟು ಕುರ್ಚಿ ಬಾಡಿಗೆಗೆ ಹೋಗಿತ್ತು ಅಂತ ಕೇಳ್ಕೊಂಡ್ ಬಾ.’ ಶಾಮಿಯಾನದವನ ಲೆಕ್ಕದಲ್ಲಿ ‘ಅಪಾರ’ ಅನ್ನುವುದು ಇರುತ್ತಿರಲಿಲ್ಲ, ಮುರಿದ ಕುರ್ಚಿಯೂ ಸೇರಿ ಎಲ್ಲ ಇರುತ್ತಿತ್ತು. ಆ ಪ್ರೆಸ್ಸು ಈಗಿಲ್ಲ. ನಿಮ್ಮ ‘ಮಲ್ಲಿಗೆಯಂಥ ಇಡ್ಲಿ’ ನೋಡಿದ ಕೂಡಲೇ ನನಗೆ ಆ ದಾರದ ಉಂಡೆ ನೆನಪಾಯಿತು.

ಇಷ್ಟೇ ಆಗಿದ್ದರೆ ‘ಪ್ರಕಟಣೆಗೆ ಸ್ವೀಕೃತವಾಗಿಲ್ಲ’ ಅಂತ ಒಂದು ಸಾಲು ಬರೆದು ಸುಮ್ಮನಾಗುತ್ತಿದ್ದೆ. ಆದರೆ ಮೂರನೇ ಪುಟದಲ್ಲಿ ಹೀಗೆ ಬರೆದಿದ್ದೀರಿ: ‘ಮಾವ ಮೆನು ಕಾರ್ಡನ್ನು ಬಲಗಡೆಯಿಂದ ಓದಿದರು. ಆಮೇಲೆ ಹಸಿವಿಲ್ಲ ಅಂದು ಕಾಫಿ ಮಾತ್ರ ಹೇಳಿದರು.’ ಒಂದಿಷ್ಟು ಕೆಳಗೆ, ಚಿಕ್ಕವನು ಬಿಟ್ಟ ಅರ್ಧ ದೋಸೆಯನ್ನು ತಮ್ಮ ಕಡೆ ಎಳೆದುಕೊಂಡು, ಪಲ್ಯ ಒಂದಿಷ್ಟೂ ಬಿಡದೆ ತಿಂದು ಮುಗಿಸುತ್ತಾರೆ. ಇದನ್ನು ನೀವು ಕಂಡಿದ್ದೀರಿ. ಬೇರೆ ಯಾರೂ ನಿಮಗೆ ಹೇಳಿಕೊಟ್ಟದ್ದಲ್ಲ.

ಕಂಡದ್ದನ್ನು ಹಾಗೇ ಬಿಡಬಾರದಿತ್ತೇ! ‘ಹೌದು, ಮಧ್ಯಮ ವರ್ಗದವರ ಬದುಕೇ ಹೀಗಲ್ಲವೇ? ಹಿರಿಯರ ತ್ಯಾಗಕ್ಕೆ ಬೆಲೆ ಕಟ್ಟಲಾದೀತೇ?’ ಅಂತ ಎರಡು ಪ್ರಶ್ನೆ ಹಾಕಿದ್ದೀರಿ. ಮೊದಲನೆಯದು ನಿಮ್ಮ ಮಾವನನ್ನು ಎತ್ತಿ ಒಂದು ವರ್ಗಕ್ಕೆ ಸೇರಿಸಿಬಿಟ್ಟಿತು. ಬಲಗಡೆಯಿಂದ ಓದಿದ ಆ ಮನುಷ್ಯ ಎಲ್ಲಿ ಹೋದರು? ಎರಡನೆಯದು ಶುದ್ಧ ಸುಳ್ಳು. ಬೆಲೆ ಕಟ್ಟಲಾಗದೆ ಏನು, ಕಾರ್ಡಿನಲ್ಲೇ ಅಚ್ಚಾಗಿತ್ತು, ಅವರು ಓದಿದ್ದೂ ಅದನ್ನೇ. ದೋಸೆ ಎಷ್ಟು, ಕಾಫಿ ಎಷ್ಟು, ಬರೆಯಿರಿ. ಆ ಎರಡು ಅಂಕಿಯ ಪಕ್ಕದಲ್ಲಿ ‘ಹಸಿವಿಲ್ಲ’ ಅನ್ನುವುದನ್ನು ಇಡಿ. ತ್ಯಾಗ ಅನ್ನುವ ಪದ ಬೇಕಾಗುವುದಿಲ್ಲ.

ಉಳಿದದ್ದರ ಬಗ್ಗೆ, ಅಂದರೆ ಫೋಟೋ ತೆಗೆಸಿಕೊಂಡದ್ದು, ಕಾರ್ ಪಾರ್ಕಿಂಗಿನ ಗಲಾಟೆ, ನನಗೆ ಹೇಳುವುದೇನೂ ಇಲ್ಲ. ಇರಲಿ, ಹೋಗಲಿ, ನಿಮ್ಮಿಷ್ಟ.

ಮ್ಯೂಸಿಯಮ್ಮಿನ ಹೆಸರು ಹಾಕಿ, ಎರಡು ಪ್ರಶ್ನೆ ಹೊಡೆದು ಹಾಕಿ, ಮತ್ತೆ ಕಳಿಸಿ. ಹಾಗೇ ಇನ್ನೊಂದು: ಕೊನೆಗೆ ಬಿಲ್ಲು ಬಂದಾಗ ಜೇಬಿಗೆ ಕೈ ಹಾಕಿದವರು ಯಾರು, ನಿಮ್ಮ ಯಜಮಾನರೋ, ಮಾವನವರೋ? ನಾಲ್ಕು ಪುಟದಲ್ಲಿ ಅದೊಂದನ್ನು ಬರೆಯದೆ ಬಿಟ್ಟಿದ್ದೀರಿ.