ಹೆಮ್ಮೆಯ ಅಂಕಿ ಇಳಿದರೆ ಅಮೆರಿಕನ್ನರಿಗೆ ದೇಶ ಬೇಡವಾಯ್ತು ಅಂತಾನಾ?

ನೀವು ಕೇಳಿದ್ದು ಎರಡು. ಸಮೀಕ್ಷೆಗಳಲ್ಲಿ ಅಮೆರಿಕನ್ನರ ಹೆಮ್ಮೆ ಇಳಿದಿದೆಯಲ್ಲ, ಅವರಿಗೆ ದೇಶದ ಮೇಲಿನ ಪ್ರೀತಿ ಹೋಯ್ತಾ? ಪ್ರಪಂಚದ ಉಸಾಬರಿಯೂ ಸಾಕಾಯ್ತಾ? ನನಗೇನೋ ಹಾಗನ್ನಿಸುವುದಿಲ್ಲ.

ಮೊದಲು, ಈ ಸಮೀಕ್ಷೆ ನಡೆಸುವ ಗ್ಯಾಲಪ್ ಸಂಸ್ಥೆಯವರು ಏನು ಕೇಳುತ್ತಾರೆ ನೋಡಿ. 2001ರಿಂದ ಒಂದೇ ಪ್ರಶ್ನೆ: ಅಮೆರಿಕನ್ ಆಗಿರುವುದಕ್ಕೆ ಎಷ್ಟು ಹೆಮ್ಮೆ? ಉತ್ತರಕ್ಕೆ ಐದು ಮೆಟ್ಟಿಲು: ವಿಪರೀತ, ತುಂಬಾ, ಒಂದು ಮಟ್ಟಿಗೆ, ಸ್ವಲ್ಪವೇ ಸ್ವಲ್ಪ, ಏನೂ ಇಲ್ಲ. 2025ರಲ್ಲಿ ಸುದ್ದಿಯಾದ ಶೇ 58 ಮೇಲಿನ ಎರಡು ಮೆಟ್ಟಿಲ ಲೆಕ್ಕ. ‘ಒಂದು ಮಟ್ಟಿಗೆ’ ಅಂದವರು ಅದರಲ್ಲಿ ಇಲ್ಲವೇ ಇಲ್ಲ. ಬೆಳಿಗ್ಗೆ ಪೇಪರ್ ಓದಿ ತಲೆಕೆಟ್ಟ ದಿನ ನನ್ನನ್ನು ಕೇಳಿದರೆ ನಾನೂ ಮೂರನೇ ಮೆಟ್ಟಿಲಲ್ಲೇ ಇರುತ್ತೇನೆ.

ಈಗ ಏರಿಳಿತ. 2001ರ ಜನವರಿಯಲ್ಲಿ ‘ವಿಪರೀತ ಹೆಮ್ಮೆ’ ಅಂದವರು ಶೇ 55. ಸೆಪ್ಟೆಂಬರ್ 11ರ ದಾಳಿಯ ನಂತರ ಅದು ಏರಿತು. 2003ರ ಜೂನ್‌ನಲ್ಲಿ, ಇರಾಕ್ ಯುದ್ಧ ಶುರುವಾಗಿ ಮೂರು ತಿಂಗಳಾದಾಗ, ಶೇ 70. ಎರಡೂವರೆ ವರ್ಷದಲ್ಲಿ ದೇಶ ಅಷ್ಟೊಂದು ಸುಧಾರಿಸಿತ್ತಾ? ಇಲ್ಲ. ಮನೆಗೆ ಏಟು ಬಿದ್ದಿತ್ತು, ಜಗಳ ಮರೆತು ಎಲ್ಲರೂ ಒಟ್ಟಾಗಿದ್ದರು.

2025ಕ್ಕೆ ‘ವಿಪರೀತ ಹೆಮ್ಮೆ’ಯವರು ಶೇ 41ಕ್ಕೆ ಇಳಿದಿದ್ದರು. ಆದರೆ ಪಕ್ಷವಾರು ಬಿಡಿಸಿ ನೋಡಿ. ಮೇಲಿನ ಎರಡು ಮೆಟ್ಟಿಲಲ್ಲಿ ರಿಪಬ್ಲಿಕನ್ನರು ಶೇ 92, ಡೆಮಾಕ್ರಟರು ಬರೀ ಶೇ 36. ರಿಪಬ್ಲಿಕನ್ ಪಕ್ಷದ ಟ್ರಂಪ್ ಮತ್ತೆ ಅಧಿಕಾರಕ್ಕೆ ಬಂದು ಆಗಿನ್ನೂ ಆರು ತಿಂಗಳೂ ಆಗಿರಲಿಲ್ಲ. ದೇಶದ ಬಗ್ಗೆ ಕೇಳಿದರೆ ಜನ ಕುರ್ಚಿಯಲ್ಲಿ ಕೂತವರ ಬಗ್ಗೆ ಹೇಳುತ್ತಿದ್ದಾರೆ, ಅಲ್ವಾ? ಪೂರ್ತಿ ಹಾಗೇ ಅಂತಲೂ ಅನ್ನಲಾರೆ. ಅಲ್ಲಿನ ಹುಡುಗ ಹುಡುಗಿಯರ ಹೆಮ್ಮೆ ಹಿರಿಯರಿಗಿಂತ ಕಡಿಮೆಯೇ ಇದೆ, ಅದಕ್ಕೆ ಕುರ್ಚಿಯೊಂದೇ ಕಾರಣ ಅಂದರೆ ನಾನೇ ಒಪ್ಪುವುದಿಲ್ಲ.

ಇನ್ನು ಪ್ರಪಂಚದ ಉಸಾಬರಿ. ಹೊರಗಿನ ವ್ಯವಹಾರದಲ್ಲಿ ದೇಶ ಕೈಹಾಕಬೇಕಾ, ದೂರ ಇರಬೇಕಾ ಅಂತ ಶಿಕಾಗೊ ಕೌನ್ಸಿಲ್ ಅನ್ನುವ ಅಧ್ಯಯನ ಸಂಸ್ಥೆ 1974ರಿಂದ ಕೇಳುತ್ತಾ ಬಂದಿದೆ. ಅರ್ಧಕ್ಕಿಂತ ಜಾಸ್ತಿ ಜನ ‘ಕೈಹಾಕಲಿ’ ಅನ್ನುತ್ತಲೇ ಬಂದಿದ್ದಾರೆ. ದುಡ್ಡಿನ ಮಾತು ಬಂದಾಗ ಮಾತ್ರ ಸ್ವರ ಬದಲಾಗುತ್ತದೆ. ಆರೋಗ್ಯ ನೀತಿಯ ಅಧ್ಯಯನ ಮಾಡುವ ಕೆಎಫ್‌ಎಫ್ ಅನ್ನುವ ಅಮೆರಿಕದ ಸಂಸ್ಥೆ ಸುಮಾರು ಹತ್ತು ವರ್ಷದ ಹಿಂದೆ, ಕೇಂದ್ರ ಬಜೆಟ್‌ನಲ್ಲಿ ಹೊರದೇಶಗಳ ನೆರವಿಗೆ ಹೋಗುವುದು ಎಷ್ಟು ಅಂತ ಕೇಳಿತ್ತು. ಜನರ ಅಂದಾಜು ಸರಾಸರಿ ಕಾಲು ಭಾಗಕ್ಕೂ ಜಾಸ್ತಿ. ನಿಜದಲ್ಲಿ ಆಗ ಹೋಗುತ್ತಿದ್ದದ್ದು ಶೇ 1ರ ಆಸುಪಾಸು. ಆ ಲೆಕ್ಕ ಹೇಳಿ ಮತ್ತೆ ಕೇಳಿದಾಗ, ‘ಖರ್ಚು ಜಾಸ್ತಿಯಾಯ್ತು’ ಅಂತ ಗೊಣಗಿದ್ದವರ ಸಂಖ್ಯೆ ಹತ್ತಿರ ಹತ್ತಿರ ಅರ್ಧಕ್ಕಿಳಿಯಿತು.