ಲೈಮ್ ರೋಗ: ಕೆಂಪು ಉಂಗುರ ಎರಡನೇ ಸಲ ಎದ್ದರೆ

ಪ್ರಶ್ನೆ: ಯುರೋಪಿನಲ್ಲಿರುವ ನನ್ನ ತಂಗಿಗೆ ಹೋದ ವರ್ಷ ಉಣುಗು ಕಚ್ಚಿ, ತೊಡೆಯ ಮೇಲೆ ಕೆಂಪು ಉಂಗುರ ಎದ್ದಿತ್ತು. ಲೈಮ್ ರೋಗವೆಂದು ಮಾತ್ರೆ ಕೊಟ್ಟರು, ಪೂರ್ತಿ ವಾಸಿಯಾಯಿತು. ಈಗ ಭುಜದ ಮೇಲೆ ಅಂಥದ್ದೇ ಉಂಗುರ. ಹಳೆಯದೇ ಮರುಕಳಿಸಿತೇ? ಒಮ್ಮೆ ಬಂದರೆ ಮತ್ತೆ ಬರುವುದಿಲ್ಲ ಅಂತಾರಲ್ಲ?

ಉತ್ತರ: ಇದು ಹೊಸ ಕಡಿತದಿಂದ ಬಂದ ಹೊಸ ಸೋಂಕಾಗಿರುವ ಸಂಭವವೇ ಹೆಚ್ಚು. ರೋಗದ ಹೆಸರು ಒಂದಾದರೂ ಬ್ಯಾಕ್ಟೀರಿಯಾ ಒಂದೇ ಅಲ್ಲ. ಬೊರೆಲಿಯಾ ಬರ್ಗ್‌ಡಾರ್ಫೆರಿ ಬಳಗದಲ್ಲಿ 20ಕ್ಕೂ ಹೆಚ್ಚು ಪ್ರಭೇದಗಳಿವೆ. ಯುರೋಪಿನಲ್ಲಿ ಚರ್ಮಕ್ಕೆ ಹೆಚ್ಚಾಗಿ ಅಂಟುವುದು ಅಫ್ಜೆಲಿ ಎಂಬ ಪ್ರಭೇದ. ಇದರ ನೆಲೆ ಇಲಿಗಳಲ್ಲಿ. ಹಕ್ಕಿಗಳಲ್ಲಿರುವ ಗರಿನಿ ಎಂಬ ಪ್ರಭೇದಕ್ಕೆ ನರಗಳ ಕಡೆ ಒಲವು. ಉತ್ತರ ಅಮೆರಿಕದಲ್ಲಿ ಮುಖ್ಯವಾದ ಮೂಲ ಬರ್ಗ್‌ಡಾರ್ಫೆರಿ ಕೀಲುಗಳಿಗೆ ಇಳಿಯುವುದು ಜಾಸ್ತಿ.

ಒಂದೇ ಪ್ರಭೇದದೊಳಗೂ ಹಲವು ತಳಿಗಳಿವೆ, ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಅಲ್ಲಿ. ಉಣುಗಿನ ಹೊಟ್ಟೆಯಲ್ಲಿರುವಾಗ ಈ ಬ್ಯಾಕ್ಟೀರಿಯಾ ಓಎಸ್‌ಪಿ-ಎ ಎಂಬ ಪ್ರೋಟೀನ್ ಹೊದ್ದಿರುತ್ತದೆ. ಉಣುಗು ರಕ್ತ ಹೀರತೊಡಗಿದಾಗ ಅದನ್ನು ಕಳಚಿ ಓಎಸ್‌ಪಿ-ಸಿ ಹೊದೆಯುತ್ತದೆ. ಓಎಸ್‌ಪಿ-ಸಿ ತಳಿಯಿಂದ ತಳಿಗೆ ಎಷ್ಟು ಬೇರೆಯೆಂದರೆ, ಒಂದರ ವಿರುದ್ಧ ಹುಟ್ಟಿದ ಪ್ರತಿಕಾಯಕ್ಕೆ (ಸೋಂಕಿನ ವಿರುದ್ಧ ಹೋರಾಡಲು ದೇಹ ತಯಾರಿಸುವ ಪ್ರೋಟೀನ್) ಇನ್ನೊಂದು ಗುರುತೇ ಸಿಗುವುದಿಲ್ಲ. ನ್ಯೂಯಾರ್ಕ್ ಕಡೆಯ 17 ರೋಗಿಗಳಲ್ಲಿ ಮತ್ತೆ ಮತ್ತೆ ಎದ್ದ ಉಂಗುರಗಳಿಂದ ಬ್ಯಾಕ್ಟೀರಿಯಾ ಬೆಳೆಸಿ ನೋಡಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಒಂದರ ಹಿಂದೊಂದು ಬಂದ ಪ್ರತಿ ಜೋಡಿಯಲ್ಲೂ ತಳಿ ಬೇರೆಯೇ ಇತ್ತು.

ರಕ್ತಪರೀಕ್ಷೆಗೆ ಓಡುವುದು ಇಲ್ಲಿ ಎಲ್ಲರೂ ಮಾಡುವ ತಪ್ಪು. ಹೋದ ವರ್ಷದ ಪ್ರತಿಕಾಯ ಇನ್ನೂ ಉಳಿದಿರಬಹುದು. ಹೊಸದು ಹುಟ್ಟಲು ವಾರಗಳೇ ಬೇಕು. ಪಾಸಿಟಿವ್ ಬಂದರೂ ನೆಗೆಟಿವ್ ಬಂದರೂ ತೀರ್ಮಾನಕ್ಕೆ ಬರಲಾಗದು. ಅನುಮಾನವಿದ್ದರೆ ಉಂಗುರದ ಹೊರ ಅಂಚಿನಿಂದ 2ರಿಂದ 4 ಮಿ.ಮೀ. ಚರ್ಮದ ಚೂರು ತೆಗೆದು ಪಿಸಿಆರ್ (ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ ಪರೀಕ್ಷೆ) ಮಾಡಿಸುತ್ತಾರೆ. ಬ್ಯಾಕ್ಟೀರಿಯಾ ಹೊರಕ್ಕೆ ಹರಡುತ್ತಿರುವುದು ಆ ಅಂಚಿನಲ್ಲೇ. ಆದರೆ ಉಂಗುರ ಸ್ಪಷ್ಟವಾಗಿದ್ದರೆ ಇದಾವುದೂ ಬೇಡ, ತಳಿ ಯಾವುದಾದರೂ ಔಷಧ ಅದೇ: ದೊಡ್ಡವರಿಗೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ., ದಿನಕ್ಕೆ ಎರಡು ಸಲ, 10 ದಿನ. ಬಸುರಿಯಾಗಿದ್ದರೆ ವೈದ್ಯರಿಗೆ ಮೊದಲೇ ಹೇಳಲಿ, ಅಮಾಕ್ಸಿಸಿಲಿನ್ ಬರೆದುಕೊಡುತ್ತಾರೆ.

ಪ್ರಶ್ನೆ: ಉಂಗುರವಿಲ್ಲದೆ ಬರೀ ಕೆಂಪು ಕಲೆ ಇದ್ದರೆ ಲೈಮ್ ಅಲ್ಲ ಅನ್ನಬಹುದೇ?

ಉತ್ತರ: ಅನ್ನಲಾಗದು. ಅಫ್ಜೆಲಿಯ ಕಲೆ ನಿಧಾನವಾಗಿ ಹಿಗ್ಗುತ್ತ ನಡುವೆ ತಿಳಿಯಾಗುವುದುಂಟು. ಅಮೆರಿಕದ ಬರ್ಗ್‌ಡಾರ್ಫೆರಿಯದು ಬೇಗ ಹರಡಿ, ಇಡಿಯಾಗಿ ಕೆಂಪಾಗಿರುವುದೇ ಹೆಚ್ಚು. ಕಪ್ಪು ಚರ್ಮದಲ್ಲಿ ಕೆಂಪೇ ಕಾಣದೆ ಕಂದು ಅಥವಾ ನೇರಳೆಯಾಗಿ ತೋರಬಹುದು. ಆಕಾರಕ್ಕಿಂತ ದಿನ ಮತ್ತು ಅಳತೆ ನೋಡಿ. ಕಡಿತದ ಬರೀ ಉರಿಯೂತ ಒಂದೆರಡು ದಿನದಲ್ಲೇ ಎದ್ದು, ತುರಿಸಿ, ಇಳಿಯುತ್ತದೆ. ಸೋಂಕಿನ ಕಲೆ 3ರಿಂದ 30 ದಿನದೊಳಗೆ ಕಾಣಿಸಿಕೊಂಡು, ಸಾಮಾನ್ಯವಾಗಿ 5 ಸೆಂ.ಮೀ. ದಾಟುತ್ತದೆ. ಬಾಲ್‌ಪೆನ್ನಿನಿಂದ ಅಂಚಿನ ಸುತ್ತ ಗೆರೆ ಎಳೆದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ. ಮರುದಿನ ಕಲೆ ಗೆರೆ ದಾಟಿದ್ದರೆ ಆ ಫೋಟೊ ಹಿಡಿದುಕೊಂಡೇ ವೈದ್ಯರ ಬಳಿ ಹೋಗಿ.